ಗಾಲಿಗಿಟ್ಟ ಬೊಟ್ಟು

ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಓಡುವ ರೈಲಿನ ಗಾಲಿಯನ್ನು, ಅದು ಓಡುತ್ತಿರುವಾಗಲೇ, ನಿಂತ ಗಾಲಿಯ ಹಾಗೆ ಕಣ್ಣ ಮುಂದಿಟ್ಟುಕೊಂಡು ನೋಡುವಂತಿದ್ದರೆ? ಇಂಥ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕಿತೆಂದರೆ ಮನುಷ್ಯನಿಗೆ ನಿದ್ದೆ ಬರುವುದಿಲ್ಲ. ಇಂದುಮತಿ ಕಮತಗಿಗೆ ಹನ್ನೊಂದು ವರ್ಷ ನೆಟ್ಟಗೆ ನಿದ್ದೆ ಬಂದಿರಲಿಲ್ಲ. ಹನ್ನೆರಡನೆಯ ವರ್ಷ ಅವಳ ‘ಮಿಂಚುಗಣ್ಣು’ ಸಿದ್ಧವಾಯಿತು. ಅದರ ಬೆನ್ನಿಗೇ ದಖ್ಖನ್ ವೇಗರೈಲು ನಿಗಮದ ಪರೀಕ್ಷಾ ಸಮಿತಿ ಬಂತು. ಆಮೇಲೆ ನಿದ್ದೆಯ ಮಾತೇ ಇರಲಿಲ್ಲ ಬಿಡಿ.

ಮಿಂಚುಗಣ್ಣಿನ ಗುಟ್ಟು ಅಂಥ ದೊಡ್ಡದೇನಲ್ಲ, ಇಂದುಮತಿಯ ಅಪ್ಪನಿಗೂ ಗೊತ್ತಿತ್ತು. ಅವನು ಬಾಗಲಕೋಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನು. ರಾತ್ರಿ ಕಬಡ್ಡಿ ಪಂದ್ಯಗಳಿಗೆ ಹೋಗಿ, ಆಟಗಾರ ನೆಲ ಬಿಟ್ಟು ಹಾರಿದ ಗಳಿಗೆಯನ್ನೇ ಹಿಡಿದು ತರುತ್ತಿದ್ದ. “ಕತ್ತಲದಾಗ ಫೋಟೋ ತಗಿಯೋದು ಕ್ಯಾಮೆರಾ ಅಲ್ಲ ಮಗಳ, ಫ್ಲ್ಯಾಷು” ಎನ್ನುತ್ತಿದ್ದ. “ಕ್ಯಾಮೆರಾದ ಬಾಗಲಾ ತಗದು ಇಟ್ಟರೂ ಕತ್ತಲದಾಗ ಏನೂ ಬೀಳಂಗಿಲ್ಲ. ಫ್ಲ್ಯಾಷ್ ಯಾವಾಗ ಹೊಡಿತೈತೋ ಆ ಗಳಿಗಿ ಅಷ್ಟ ಒಳಗ ಬರ್ತೈತಿ. ಹೊತ್ತು ನೋಡಿ ಹೊಡಿಯೋದು ಕಲಿಬೇಕು, ಅಷ್ಟ.”

ಮಗಳು ಮಾಡಿದ್ದೂ ಅಷ್ಟೇ, ಕೊಂಚ ದೊಡ್ಡದಾಗಿ. ಐವತ್ತು ಕಿಲೋಮೀಟರಿಗೊಂದರಂತೆ ಹಳಿಯ ಮೇಲೆ ಹನ್ನೆರಡು ಕತ್ತಲೆಯ ಮಾಡು ಕಟ್ಟಿಸಿದಳು, ಒಂದೊಂದೂ ಒಂದು ಕಣ್ಣು. ರಾತ್ರಿ ರೈಲು ಅದರೊಳಗೆ ಹೊಕ್ಕಾಗ, ಹಳಿಗೆ ಅಂಟಿಸಿದ ಒಂದು ಸಣ್ಣ ಪಟ್ಟಿ, ಎರಡು ಗಾಲಿಗಳನ್ನು ಜೋಡಿಸುವ ಪ್ರತಿ ಅಚ್ಚು ಬರುವ ಹೊತ್ತನ್ನೂ ಎಣಿಸುತ್ತದೆ. ಅಚ್ಚು ಸರಿಯಾಗಿ ಎದುರಿಗೆ ಬಂದ ಕೂಡಲೇ ಎರಡೂ ಬದಿಯಿಂದ ಒಟ್ಟಿಗೆ ಫ್ಲ್ಯಾಷ್ ಹೊಡೆಯುತ್ತದೆ, ಅದೂ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟರಲ್ಲಿ ರೈಲು ಒಂದು ಕೂದಲಿನ ದಪ್ಪದಷ್ಟೂ ಮುಂದೆ ಹೋಗಿರುವುದಿಲ್ಲ. ಹೀಗೆ ಪ್ರತಿ ಅಚ್ಚಿಗೂ ಎಡಗಾಲಿಯದೊಂದು, ಬಲಗಾಲಿಯದೊಂದು ಚಿತ್ರ ಜೋಡಿಯಾಗಿ ಕಂಟ್ರೋಲ್ ರೂಮಿಗೆ ಬಂದು ಬೀಳುತ್ತಿತ್ತು. ಬಿರುಕು, ಗೀರು, ಸವೆತ ಏನಿದ್ದರೂ ಯಂತ್ರವೇ ಓದಿ ಕಿರುಚಿಕೊಳ್ಳುತ್ತಿತ್ತು. ರೈಲಿನೊಳಗಿನ ಜನಕ್ಕೆ ಕಿಟಕಿಯ ಕೆಳಗೆ ಫಳಕ್ಕೆಂದಂತೆ ಕಾಣುತ್ತಿತ್ತು, ಅಷ್ಟೇ. “ಫೋಟೋ ತಗಿತಾರ ನೋಡ್ರಿ, ಗದ್ದಲಾ ಮಾಡ್ದ ನೆಟ್ಟಗ ಕುಂದರ್ರಿ” ಎಂದು ತಾಯಂದಿರು ಮಕ್ಕಳನ್ನು ಸುಮ್ಮನಾಗಿಸುವುದು ಆ ದಾರಿಯಲ್ಲಿ ರೂಢಿಯೇ ಆಗಿಹೋಗಿತ್ತು.

ಸಮಿತಿಯ ಷರತ್ತು ಒಂದೇ. ತೊಂಬತ್ತು ದಿನ ಯಂತ್ರ ಓಡಬೇಕು, ಒಂದು ಸಲವೂ ಸುಳ್ಳು ಕೂಗು ಹಾಕಬಾರದು. ಹಾಕಿತೋ, ಹನ್ನೆರಡೂ ಮಾಡು ಕಿತ್ತು ಗುಜರಿಗೆ. ಆವತ್ತು ಎಂಬತ್ಮೂರನೇ ದಿನ, ಖಂಡೆ ಪೂಜೆ, ಅಂದರೆ ಆ ಕಡೆಯ ಆಯುಧಪೂಜೆ.

ನವಮಿಯ ಮಧ್ಯಾಹ್ನ ಕೆಂಚನಾಳ ಜಂಕ್ಷನ್ನಿನ ಕ್ವಾರ್ಟರ್ಸಿನಲ್ಲಿ ಇಂದುಮತಿಯ ಅವ್ವ ನೀಲವ್ವ ಮನೆಯ ಸಾಮಾನನ್ನೆಲ್ಲ ಜಗಲಿಗೆ ಎಳೆದು ಹಾಕಿ ಪೂಜೆಗೆ ಕೂತಿದ್ದಳು. ಈಳಿಗೆ, ಕುಡಗೋಲು, ಮಿಕ್ಸರ್, ಕುಕ್ಕರ್, ಹೊಲಿಗೆ ಮಷಿನ್, ಗಂಡನ ಹಳೇ ಕ್ಯಾಮೆರಾ, ಎಲ್ಲದಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಮಿಕ್ಸರಿಗೆ ಹೊಟ್ಟೆಯ ಮೇಲೆ ಬೊಟ್ಟು, ಕುಕ್ಕರಿಗೆ ಹಿಡಿಕೆಯ ಮೇಲೆ. ಕ್ಯಾಮೆರಾಕ್ಕೆ ಎಲ್ಲಿ ಹಚ್ಚಿದಳೋ ಅವಳಿಗೂ ಕಂಡಿರಲಿಲ್ಲ.

“ಇಂದೂ, ಆ ನಿನ್ನ ಲ್ಯಾಪ್‌ಟಾಪ್ ತಾ ಇಲ್ಲೆ. ಅದೇನ್ ಪಾಪ ಮಾಡೇತಿ?”

“ಬ್ಯಾಡವ್ವಾ, ಒಳಗ ಪುಡಿ ಹೋದ್ರ ಕೆಡತೈತಿ.”

“ಪೂಜಿ ಮಾಡಿ ಕೆಟ್ಟಿದ್ದು ಒಂದರ ತೋರಸು. ನಿನ್ನ ಸಿಟ್ಟಿಗೇ ಕೆಡಬೇಕು ಅದು.” ನೀಲವ್ವ ನಕ್ಕಳು. “ಉಂಡು ಹೋಗ, ಹೋಳಿಗಿ ಆಗ್ಯಾವ.”

“ಎಂಟರ ಗಾಡಿ ಬಿಟ್ಟು ಬರ್ತೀನವ್ವಾ. ಇನ್ನ ಏಳು ದಿನ. ಏಳು ದಿನ ಏನೂ ಆಗ್ಲಿಲ್ಲಂದ್ರ ನಿನ್ನ ಹೋಳಿಗಿ ಹತ್ತು ತಿಂತೀನಿ.”

ಹಾಗೆಂದು ಹೋದವಳಿಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಸಿಡಿಲು ಬಡಿಯಿತು.

ರಾತ್ರಿಯ ವೇಗರೈಲು ಡಿಪೋ ಬಿಟ್ಟು ಮೊದಲ ಕಣ್ಣು ದಾಟಿದ್ದೇ ತಡ, ಕಂಟ್ರೋಲ್ ರೂಮಿನ ಪರದೆ ಕೆಂಪಾಯಿತು. ಎಂಟು ಬೋಗಿ, ಮೂವತ್ತೆರಡು ಅಚ್ಚು, ಅರವತ್ತನಾಲ್ಕು ಗಾಲಿ. ಅರವತ್ತನಾಲ್ಕಕ್ಕೂ ಯಂತ್ರ ಒಂದೇ ಮಾತು ಬರೆದಿತ್ತು: ಕೊಳೆ, ಕೊಳೆ, ಕೊಳೆ. ಇಂದುಮತಿ ಮೊದಲ ಜೋಡಿ ಚಿತ್ರ ತೆರೆದಳು. ಫಳಫಳ ತೊಳೆದ ಗಾಲಿಯ ಮೇಲೆ, ಅಂಚಿಗೆ ಹತ್ತಿಕೊಂಡಂತೆ, ಎಣ್ಣೆಯಲ್ಲಿ ಕಲಸಿ ಇಟ್ಟ ದುಂಡನೆಯ ಕುಂಕುಮದ ಬೊಟ್ಟು.

“ಅಯ್ಯೋ ನನ್ನ ಕರ್ಮವೇ!” ಎಂದು ಅವಳು ಕೂಗಿದ್ದು ಆಚೆ ಮೇಜಿನವರೆಗೂ ಕೇಳಿಸಿತು.

ಆಚೆ ಮೇಜಿನಲ್ಲಿ ಕೂತವರು ಶ್ರೀಪಾದ ಗಲಗಲಿ, ಆ ರಾತ್ರಿಯ ಕಂಟ್ರೋಲರ್. ರೈಲು ಓಡಿಸುವುದೂ ನಿಲ್ಲಿಸುವುದೂ ಅವರ ಕೈಯಲ್ಲಿ. ಬಂದು ಬಗ್ಗಿ ನೋಡಿದರು. “ಇದು ನಮ್ಮ ಇಮಾಮಸಾಬಂದ ಕೆಲಸ ಮೇಡಂ. ಮಧ್ಯಾಹ್ನ ಡಿಪೋದಾಗ ಕುಂಕುಮದ ಬಟ್ಟಲಾ ಹಿಡಕೊಂಡು ಗಾಡಿ ಕೆಳಗ ತೂರಿದ್ದನ್ನ ನಾನಾ ನೋಡೀನಿ.”

ಒಂದೇ ಗುಂಡಿ ಒತ್ತಿ ಅಷ್ಟನ್ನೂ ಅಳಿಸಲು ಬರುವಂತಿರಲಿಲ್ಲ. ಯಾರೂ ಸೋಮಾರಿತನದಿಂದ ಕೂಗನ್ನು ಅಳಿಸಿಬಿಡಬಾರದೆಂದು ಪ್ರತಿ ಜೋಡಿಯನ್ನೂ ಕಣ್ಣಾರೆ ನೋಡಿ, ಕಾರಣ ಬರೆದೇ ತೆಗೆಯಬೇಕೆಂಬ ನಿಯಮ ಇಂದುಮತಿಯೇ ಮಾಡಿದ್ದು. ತಾನು ತೋಡಿದ ಹಳ್ಳಕ್ಕೆ ತಾನೇ ಇಳಿದಂತೆ ಮೂವತ್ತೆರಡೂ ಜೋಡಿ ನೋಡಿದಳು. ನೋಡುನೋಡುತ್ತ ಸಿಟ್ಟು ನೆತ್ತಿಗೇರಿತು. ಡಿಪೋಗೆ ಫೋನ್ ಮಾಡಿ ಇಮಾಮಸಾಬ್ ನದಾಫನನ್ನು ಕರೆಸಿದಳು.

ಇಮಾಮಸಾಬ್ ನಲವತ್ತು ವರ್ಷದ ಹಳೇ ಖಲಾಸಿ. ಗಾಲಿ ತೊಳೆದು, ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ ಗಾಡಿ ಬಿಡುವವನು. ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ಡಿಪೋದವರಿಗೆಲ್ಲ ಅವನು ಚಾಚಾ. ಬಿಳಿ ಗಡ್ಡ, ಎಣ್ಣೆ ಹತ್ತಿದ ಖಾಕಿ, ಬೆರಳ ತುದಿ ಇನ್ನೂ ಕೆಂಪು. ಬಾಗಿಲಲ್ಲೇ ನಿಂತ.

“ಏನಪಾ,” ಎಂದರು ಗಲಗಲಿ, “ಇಮಾಮಸಾಬಿಗೂ ಗೋಕುಲಾಷ್ಟಮಿಗೂ ಏನ್ ಸಂಬಂಧ ಅಂತಿದ್ರು. ನೀ ಸಂಬಂಧಾ ಹಚ್ಚೇ ಬಿಟ್ಟಿ.”

“ಗೋಕುಲಾಷ್ಟಮಿ ಆಗಿ ತಿಂಗಳ ಮ್ಯಾಲಾತಲ್ರಿ ಸಾಹೇಬರ. ಇದು ಖಂಡೆ ಪೂಜಿ. ಸುತ್ತಗಿ ಹಿಡಿದಾಂವಗ ಖಂಡೆ ಪೂಜಿ ಬಿಟ್ಟೀತೇನ್ರಿ?” ಎಂದು ಅವನು ನಕ್ಕ. ಇಂದುಮತಿಯ ಮುಖ ನೋಡಿ ನಗು ಅಲ್ಲೇ ನಿಂತಿತು.

“ನದಾಫ್, ಗಾಲಿಗೆ ಏನೂ ಹಚ್ಚಬಾರದು ಅಂತ ಆದೇಶ ಐತೋ ಇಲ್ಲೋ?”

“ಐತ್ರಿ ಮೇಡಮ್ಮಾರ.”

“ನಾಲ್ಕು ವರ್ಷದಿಂದ ಐತಿ. ಗೊತ್ತಿದ್ದೂ ಹಚ್ಚಿದ್ರಿ. ನನ್ನ ಹನ್ನೆರಡು ವರ್ಷದ ಕೆಲಸಾ ಒಂದು ಬಟ್ಟಲಾ ಕುಂಕುಮದಾಗ ತೊಳಕೊಂಡು ಹೋತು.”

“ಅದು ಬರೀ ಪೂಜಿ ಅಲ್ರಿ ಮೇಡಮ್ಮಾರ, ಸ್ವಲ್ಪ ಕೇಳ್ರಿ, ನಾ ಏನಂತೀನಿ ಅಂದ್ರ...”

“ಕೇಳೋದೇನೂ ಉಳಿದಿಲ್ಲ. ನಡೀರಿ.”

ಇಮಾಮಸಾಬ್ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಇಂದುಮತಿ ಕೂತು ದೂರು ಬರೆದಳು: ಗೊತ್ತಿದ್ದೂ ಆದೇಶ ಮೀರಿದ ಈ ನೌಕರನನ್ನು ಕೂಡಲೇ ಸೇವೆಯಿಂದ ತೆಗೆಯಬೇಕು. ಇನ್ನೊಮ್ಮೆ ಓದದೆ ಕಳಿಸಿಯೇಬಿಟ್ಟಳು.

ಅಷ್ಟರಲ್ಲಿ ಎಂಟೂ ಇಪ್ಪತ್ತೈದು. ರೈಲು ಎರಡನೇ ಕಣ್ಣು ದಾಟಿತು. ಮತ್ತೆ ಅರವತ್ತನಾಲ್ಕು ಕೊಳೆ.

ಮತ್ತೆ ಒಂದೊಂದೇ ಜೋಡಿ ತೆರೆಯುತ್ತ ಹೋದಳು. ಗಾಲಿ ಉರುಳುವ ವಸ್ತು, ಫ್ಲ್ಯಾಷ್ ಹೊಡೆದಾಗ ಬೊಟ್ಟು ಎಲ್ಲಿ ಬೇಕಾದರೂ ಇರಬಹುದು. ಒಂದು ಅಚ್ಚಿನಲ್ಲಿ ಮೇಲಿತ್ತು, ಇನ್ನೊಂದರಲ್ಲಿ ಪಕ್ಕಕ್ಕೆ, ಮತ್ತೊಂದರಲ್ಲಿ ಹಳಿಯ ಹತ್ತಿರ. ಆದರೆ ಒಂದೇ ಅಚ್ಚಿನ ಎಡ ಬಲ ಗಾಲಿಗಳಲ್ಲಿ ಮಾತ್ರ ಎರಡೂ ಬೊಟ್ಟು ಒಂದೇ ಮಟ್ಟದಲ್ಲಿದ್ದವು. ಇರಲೇಬೇಕು. ಎತ್ತಿನ ಬಂಡಿಯ ಗಾಲಿ ಅಚ್ಚಿನ ಮೇಲೆ ತಿರುಗುತ್ತದೆ. ರೈಲಿನದು ಹಾಗಲ್ಲ, ಎರಡು ಗಾಲಿಯೂ ಅಚ್ಚೂ ಸೇರಿ ಒಂದೇ ಜೀವವಾಗಿ ತಿರುಗುತ್ತವೆ. ನಟ್ಟಿಲ್ಲ, ಬೋಲ್ಟಿಲ್ಲ. ನೂರಾರು ಟನ್ ಒತ್ತಡದಲ್ಲಿ ಗಾಲಿಯನ್ನು ಅಚ್ಚಿಗೆ ತುರುಕಿ ಕೂರಿಸಿರುತ್ತಾರೆ, ಆ ಬಿಗಿಯೇ ಅದರ ಗಂಟು.

ಹತ್ತೊಂಬತ್ತನೇ ಅಚ್ಚಿಗೆ ಬಂದಾಗ ಅವಳ ಬೆರಳು ನಿಂತಿತು. ಎಡಗಾಲಿಯ ಬೊಟ್ಟು ನೆತ್ತಿಯ ಮೇಲಿತ್ತು. ಬಲಗಾಲಿಯದು ಒಂದು ಬೆರಳಷ್ಟು ಮುಂದಿತ್ತು.

‘ಮುದುಕನ ಕೈ ಅಲುಗಿರಬೇಕು’ ಎಂದುಕೊಂಡಳು. ಆದರೂ ಮೊದಲ ಕಣ್ಣಿನ ಚಿತ್ರ ತೆಗೆದು ಪಕ್ಕಕ್ಕಿಟ್ಟು ನೋಡಿದಳು. ಅದರಲ್ಲಿ ಎರಡೂ ಬೊಟ್ಟು ಸರಿಸಮ ಇದ್ದವು.

ಮಿಂಚುಗಣ್ಣು ಬಿರುಕು ಹುಡುಕುತ್ತಿತ್ತು, ಗೀರು ಹುಡುಕುತ್ತಿತ್ತು. ಗಾಲಿಯೇ ಅಚ್ಚಿನ ಮೇಲೆ ಜಾರಿದರೆ ಅದು ಹೇಗೆ ಹುಡುಕೀತು? ತೊಳೆದಿಟ್ಟ ದುಂಡು ಗಾಲಿ ಎಷ್ಟು ತಿರುಗಿದರೂ ದುಂಡಗೇ ಕಾಣುತ್ತದೆ. ಅದಕ್ಕೆ ಹಣೆಯಿಲ್ಲ, ಕಿವಿಯಿಲ್ಲ. ಹನ್ನೆರಡು ವರ್ಷ ಇದೊಂದು ಪ್ರಶ್ನೆ ತನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಎಂಟೂ ನಲವತ್ತು. ಮೂರನೇ ಕಣ್ಣು. ಈ ಸಲ ನೇರವಾಗಿ ಹತ್ತೊಂಬತ್ತನೆಯದನ್ನೇ ತೆರೆದಳು. ನಾಲ್ಕು ಬೆರಳು ಸರಿದಿತ್ತು.

ಉಳಿದ ಮೂವತ್ತೊಂದು ಜೋಡಿಯನ್ನೂ ಸರಸರನೆ ಓಡಿಸಿ ನೋಡಿದಳು. ಒಂದರಲ್ಲೂ ಗೆರೆಯಷ್ಟು ಹೆಚ್ಚುಕಮ್ಮಿಯಿಲ್ಲ. ಮಧ್ಯಾಹ್ನದ ಅವ್ವನ ಪೂಜೆ ನೆನಪಾಯಿತು, ಮಿಕ್ಸರಿಗೆ ಹೊಟ್ಟೆ, ಕುಕ್ಕರಿಗೆ ಹಿಡಿಕೆ. ಭಕ್ತಿಗೆ ಹಚ್ಚಿದ ಬೊಟ್ಟು ಎಲ್ಲಿ ಕೈ ಹೋಯಿತೋ ಅಲ್ಲಿರುತ್ತದೆ. ಇಷ್ಟು ಕರಾರುವಾಕ್ಕಾಗಿ ಇರಬೇಕಾದರೆ ಅಳತೆ ಹಿಡಿದೇ ಇಟ್ಟಿರಬೇಕು. ಅವಳು ಫೋನ್ ಎತ್ತಿಕೊಂಡಳು.

“ಇಮಾಮಸಾಬರ, ಬೊಟ್ಟು ಹೆಂಗ ಇಟ್ರಿ? ಲಗೂನ ಹೇಳ್ರಿ.”

“ದಾರಕ್ಕ ನಟ್ಟು ಕಟ್ಟಿ ಇಳಿಬಿಟ್ಟು ಹಿಡದೇನ್ರಿ, ಎರಡೂ ಬಾಜೂ. ಗಾಲಿ ನೆತ್ತಿ ಮ್ಯಾಲ, ದಾರದ ನೇರಕ್ಕ.” ಆಮೇಲೆ ಆ ಕಡೆಯ ದನಿ ಒಮ್ಮೆಲೇ ಸಣ್ಣದಾಯಿತು. “ಯಾವ ಗಾಲಿ ಸರದೈತ್ರಿ ಮೇಡಮ್ಮಾರ?”

ಇಂದುಮತಿ ಚಿತ್ರದ ಮೇಲಿನ ಅಂಕಿ ಓದಿ ಹೇಳಿದಳು. “ಐದನೇ ಬೋಗಿ, ಮೂರನೇ ಅಚ್ಚು. ಬಲಗಡೆ.”

“ಗಾಡಿ ನಿಲ್ಲಸ್ರಿ. ಜೋರ್ ಬ್ರೇಕ್ ಹಿಡಿಬ್ಯಾಡ್ರಿ ಮತ್ತ, ಹಿಡದ್ರ ಗಾಲಿ ಪೂರಾ ಕೈ ಬಿಡತೈತಿ. ಮೆಲ್ಲಕ, ಕೂಸು ಇಳಿಸಿದಂಗ.”

ಗಡಿಯಾರ ಎಂಟೂ ನಲವತ್ತಾರು ತೋರಿಸುತ್ತಿತ್ತು. ಎಂಟೂ ಐವತ್ತೆರಡಕ್ಕೆ ರೈಲು ಕೃಷ್ಣೆಯ ಸೇತುವೆಯ ಮೇಲಿರುತ್ತಿತ್ತು, ಏಳುನೂರು ಜನ ಹೊತ್ತುಕೊಂಡು.

“ಗಲಗಲಿಯವರ, ಗಾಡಿ ನಿಲ್ಲಿಸಬೇಕು. ಈಗಿಂದೀಗ.”

“ಯಾಕ್ರಿ?”

ಅವಳು ಮೂರು ಜೋಡಿ ಚಿತ್ರ ಅವರ ಮುಂದೆ ಹಿಡಿದಳು. ಗಲಗಲಿ ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದರು. “ಕುಂಕುಮಾ ನೋಡಿ ಗಾಡಿ ನಿಲ್ಲಿಸೋಣೇನ್ರಿ? ನಾಳೆ ಪೇಪರಿನ್ಯಾಗ ಬರ್ತೈತಿ ಮೇಡಂ, ಬೊಟ್ಟು ನೋಡಿ ರೈಲ್ ನಿಲ್ಲಿಸಿದ ಶಾಣ್ಯಾ ಅಂತ, ನನ್ನ ಫೋಟೋ ಸುದ್ದಾ. ಸುಳ್ಳಾದ್ರ ನಿಮ್ಮ ಯಂತ್ರ ಇವತ್ತಿಗೇ ಮುಗೀತು, ತಿಳೀತಿಲ್ಲೋ?”

“ಮುಗೀಲಿ. ಬರ್ಕೋರಿ, ಇಂದುಮತಿ ಕಮತಗಿ ಹೇಳಿದ್ರು, ನಾ ನಿಲ್ಲಿಸಿದೆ ಅಂತ. ಖರೇ ಇದ್ರ ಏಳುನೂರು ಜನ, ಸುಳ್ಳಿದ್ರ ನಾ ಒಬ್ಬಾಕಿ. ನಿಲ್ಲಸ್ರಿ ಸರ್, ಕೈ ಮುಗಿತೀನಿ.”

ಗಲಗಲಿ ಅವಳ ಮುಖವನ್ನೊಮ್ಮೆ ನೋಡಿದರು. ಕುಹಕದ ಮನುಷ್ಯ, ಆದರೆ ಮೂವತ್ತು ವರ್ಷ ರೈಲಿನ ಅನ್ನ ತಿಂದವರು. ಎಂಟೂ ನಲವತ್ತೆಂಟಕ್ಕೆ ಮೈಕ್ ಎಳೆದುಕೊಂಡು ಚಾಲಕನಿಗೆ ಹೇಳಿದರು, “ನಿಲ್ಸು. ಮೆಲ್ಲಕ ನಿಲ್ಸಪಾ, ಒಳಗಿನವರ ಚಹಾ ಚೆಲ್ಲಬಾರದು, ಹಂಗ.”

ಪರದೆಯ ಮೇಲೆ ಹಸಿರು ಚುಕ್ಕಿ ಸೇತುವೆಯ ಕಡೆ ಜಾರುತ್ತ ಜಾರುತ್ತ ನಿಧಾನವಾಯಿತು. ನೂರೈವತ್ತು. ನೂರು. ಅರವತ್ತು. ಸೇತುವೆಗೆ ಮೂರು ಕಿಲೋಮೀಟರ್ ಉಳಿದಿರುವಾಗ ನಿಂತಿತು.

ಹತ್ತಿರದ ನಿಲ್ದಾಣದಿಂದ ತಪಾಸಣೆಯವರು ಟ್ರಾಲಿಯಲ್ಲಿ ಅಲ್ಲಿಗೆ ಹೋಗಿ ತಲುಪಲು ಮುಕ್ಕಾಲು ಗಂಟೆ ಬೇಕಾಯಿತು. ಆ ಮುಕ್ಕಾಲು ಗಂಟೆಯಲ್ಲಿ ಏಳುನೂರು ಜನರ ಬೈಗುಳವೆಲ್ಲ ಗಲಗಲಿಯವರ ಫೋನಿಗೆ ಬಂದು ಬಿತ್ತು. ಒಬ್ಬಾತ ಹಬ್ಬಕ್ಕೆ ಬೀಗರ ಮನೆಗೆ ಹೊರಟವನು, ಹೋಳಿಗೆ ಆರಿದರೆ ಖರ್ಚು ಯಾರು ಕೊಡುತ್ತೀರಿ ಎಂದು ಕೇಳಿದ. ಇಮಾಮಸಾಬ್ ಯಾರೂ ಕರೆಯದೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ, ತುಟಿ ಸಣ್ಣಗೆ ಅಲುಗುತ್ತಿತ್ತು. ಇಂದುಮತಿ ಅವನತ್ತ ನೋಡುವ ಧೈರ್ಯ ಮಾಡಲಿಲ್ಲ.

ನೋಡುವುದು ಹೇಗೆ? ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅವಳಿಗೆ ಈಗ ಚೆನ್ನಾಗಿ ನೆನಪಾಗಿತ್ತು. ಗಾಲಿಗಳ ಮೇಲೆ ಎಲ್ಲಿ ನೋಡಿದರೂ ಒಂದೊಂದು ಬಿಳಿ ಬಣ್ಣದ ಗೆರೆ ಇರುತ್ತಿತ್ತು. ಫ್ಲ್ಯಾಷ್ ಬಿದ್ದರೆ ಆ ಬಣ್ಣ ಕಣ್ಣು ಕುಕ್ಕುವ ಹಾಗೆ ಹೊಳೆದು ಚಿತ್ರ ಕೆಡುತ್ತಿತ್ತು. ಗಾಲಿ ಜಾರಿದರೆ ತಿಳಿಯಲೆಂದು ಹಾಕಿದ್ದೆಂದು ಅರಿಯದೆ, ಇದೇನಿದು ಗೀಚು ಎಂದು ಅವಳೇ ಆದೇಶ ಬರೆದಳು: ಗಾಲಿ ತೊಳೆದು ಸ್ವಚ್ಛ ಇಡಬೇಕು, ಏನೂ ಬಳಿಯಬಾರದು. ಮರುದಿನ ಒಬ್ಬ ಖಲಾಸಿ ಬಂದು ಅವಳ ಕೋಣೆಯ ಹೊರಗೆ ಒಂದು ಗಂಟೆ ಕಾದು ಕೂತಿದ್ದ. ಅವಳು ಕೆಲಸದಲ್ಲಿದ್ದಳು. ಆಮೇಲೆ ನೋಡಿದಾಗ ಬೆಂಚು ಖಾಲಿ ಇತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು ಅವಳ ಕಥೆ.

ತಪಾಸಣೆಯವರ ಫೋನ್ ಬಂತು. ಗಲಗಲಿ ಎಲ್ಲರಿಗೂ ಕೇಳುವಂತೆ ಇಟ್ಟರು.

“ಸಾಹೇಬರ, ಬಲಗಡೆ ಗಾಲಿ ಬೆರಳಗಲ ಒಳಗ ಸರದೈತ್ರಿ. ಅಚ್ಚಿನ ಮ್ಯಾಲ ಹೊಸಾ ಗಾಯ ಐತಿ, ಮುಟ್ಟಿದ್ರ ಕೈ ಸುಡತೈತಿ. ಸೇತುವಿ ಮುಂದಿನ ತಿರುವಿನ್ಯಾಗ ಹಳಿ ಬಿಡತಿತ್ತು ನೋಡ್ರಿ. 'ನಿಲ್ಲಸ್ರಿ' ಅಂದವರು ಯಾರ್ರಿ? ಅವರ ಹೊಟ್ಟಿ ತಣ್ಣಗಿರ್ಲಿ.”

ಇಮಾಮಸಾಬ್ ಎರಡೂ ಕೈಯಿಂದ ಮುಖ ಸವರಿಕೊಂಡು “ಯಾ ಅಲ್ಲಾಹ್, ನಿನ್ನ ದಯಾ” ಎಂದ. ಇಂದುಮತಿಗೆ ಅಳು ತಡೆಯಲಾಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಗಲಗಲಿ ಕನ್ನಡಕ ತೆಗೆದು ಒರೆಸಿದರು, ಎರಡು ಸಲ.

“ಆ ಗಾದಿ ಮಾತು,” ಎಂದರು ಕೊನೆಗೆ, “ಇನ್ನ ಮ್ಯಾಲ ಈ ಖೋಲ್ಯಾಗ ಯಾರೂ ಆಡಬಾರದು. ಮದಲ ನಾ ಆಡಬಾರದು.”

ಏಳುನೂರು ಜನ ಬೇರೆ ರೈಲು ಹತ್ತಿ ಗೊಣಗುತ್ತ ಊರು ಸೇರಿದರು. ಬೀಗರ ಮನೆಯವನು ತಣ್ಣಗಾದ ಹೋಳಿಗೆಯನ್ನೇ ತಿಂದಿರಬೇಕು.

ಮರುದಿನ ದಶಮಿ. ಬೆಳಿಗ್ಗೆಯೇ ಸಮಿತಿಯ ಅಧ್ಯಕ್ಷರ ಫೋನ್ ಬಂತು. “ಅಭಿನಂದನೆಗಳು. ನಿಮ್ಮ ಯಂತ್ರ ಏಳುನೂರು ಜೀವ ಉಳಿಸಿತು.”

ಹ್ಞೂಂ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಹನ್ನೆರಡು ವರ್ಷದ ಕೂಸು ದಡ ಮುಟ್ಟುತ್ತಿತ್ತು.

“ಇಲ್ಲ ಸರ್. ಯಂತ್ರಕ್ಕೆ ಅದು ಕೊಳೆಯಾಗಿ ಕಂಡಿತ್ತು, ಮೂರು ಕಣ್ಣಿನಲ್ಲೂ, ಅರವತ್ತನಾಲ್ಕು ಗಾಲಿಗೂ. ಉಳಿಸಿದ್ದು ಒಬ್ಬ ಖಲಾಸಿಯ ಕುಂಕುಮ. ನಾನೇ ತಡೆದು ನಿಲ್ಲಿಸಿದ್ದ ಪದ್ಧತಿಯನ್ನು ಅವರು ಪೂಜೆಯ ಹೆಸರಲ್ಲಿ ಕದ್ದು ಮಾಡಿದ್ದರು. ನಿನ್ನೆ ರಾತ್ರಿ ನಾನು ಕಳಿಸಿದ ದೂರು ನಿಮ್ಮ ಮುಂದಿರಬೇಕು. ಅದರಲ್ಲಿ ತಪ್ಪಿತಸ್ಥರ ಹೆಸರು ತಪ್ಪಾಗಿದೆ ಸರ್. ನನ್ನ ಹೆಸರು ಹಾಕಿಕೊಳ್ಳಿ.”

ಆ ಕಡೆ ಅಧ್ಯಕ್ಷರು ಕಾಗದ ಮಗುಚಿದ ಸದ್ದು ಕೇಳಿಸಿತು. “ಹಾಗಾದರೆ ಷರತ್ತಿನ ಪ್ರಕಾರ ಪ್ರಯೋಗ ಸೋತಿತು ಎಂದು ಬರೆಯಬೇಕಾಗುತ್ತದೆ.”

“ಬರೀರಿ ಸರ್.”

“ಬರೆಯುತ್ತೇನೆ. ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆಯುತ್ತೇನೆ. ಎಲ್ಲ ಗಾಲಿಗೂ ಗೆರೆ ಹಾಕಿಸಿ, ಆ ಗೆರೆ ಓದುವುದನ್ನು ಯಂತ್ರಕ್ಕೆ ಕಲಿಸಿ, ಮತ್ತೆ ತೊಂಬತ್ತು ದಿನ. ಗೆರೆ ಹೇಗೆ ಹಾಕಬೇಕು ಎಂದು ಯಾರಿಗೆ ಗೊತ್ತಿದೆಯೋ ಅವರು ನಿವೃತ್ತಿಯಾದ ಮೇಲೂ ನಿಮ್ಮ ಜೊತೆ ಇರಲಿ. ದೂರು ಹರಿದು ಹಾಕಿದ್ದೇನೆ.”

ಇಂದುಮತಿ ಅಡುಗೆಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದಳು. ನೀಲವ್ವ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, “ಪೂಜಿ ಮಾಡಿ ಕೆಟ್ಟಿದ್ದು ಒಂದರ ತೋರಸು ಅಂದಿದ್ನಿಲ್ಲೋ?” ಎಂದಳು. ಡಬ್ಬಿಯಲ್ಲಿ ಹೋಳಿಗೆ ಕಟ್ಟಿಕೊಟ್ಟಳು. “ಸಂಜಿಗೆ ಬನ್ನಿ ತಗೊಂಡು ಹೋಗು. ಬರೇ ಕೈಲೆ ಹೋಗಬ್ಯಾಡ. ಕಾಲ ಮುಟ್ಟು.”

ದಸರೆಯ ಸಂಜೆ ಆ ಕಡೆಯ ಊರುಗಳಲ್ಲಿ ಯಾರೂ ಮನೆಯಲ್ಲಿರುವುದಿಲ್ಲ. ಬನ್ನಿಯ ಎಲೆ ಹಿಡಿದು ಮನೆಮನೆಗೆ ಹೋಗುತ್ತಾರೆ, ಆ ದಿನ ಆ ಎಲೆಯೇ ಬಂಗಾರ. ಹಿರಿಯರಿಗೆ ಕೊಟ್ಟು ಆಶೀರ್ವಾದ ಪಡೆಯುತ್ತಾರೆ, ವರ್ಷವಿಡೀ ಮಾತು ಬಿಟ್ಟವರೂ ಕೊಟ್ಟು ಮಾತು ಹಚ್ಚುತ್ತಾರೆ. ಇಂದುಮತಿ ಡಿಪೋದ ಹಿಂದಿನ ಓಣಿಯಲ್ಲಿ ಇಮಾಮಸಾಬನ ಮನೆ ಹುಡುಕಿಕೊಂಡು ಹೋದಳು. ಅವನು ಬಾಗಿಲಲ್ಲೇ ಕೂತು, ಬಂದವರಿಗೆಲ್ಲ ಬನ್ನಿ ಕೊಡುತ್ತಿದ್ದ.

“ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಚಾಚಾ” ಎಂದು ಎಲೆಯನ್ನು ಅವನ ಕೈಯಲ್ಲಿಟ್ಟು ಬಗ್ಗಿದಳು.

“ಅರೆ ಅರೆ, ಮೇಡಮ್ಮಾರ, ಕಾಲ ಯಾಕ್ರಿ!” ಅವನು ಗಾಬರಿಯಾಗಿ ಎದ್ದುನಿಂತ.

“ನಾಲ್ಕು ವರ್ಷದ ಹಿಂದ ನನ್ನ ಖೋಲಿ ಹೊರಗ ಒಂದು ತಾಸು ಕುಂತು ಹೋದವರು ನೀವ ಅಲ್ರಿ?”

“ನೀವು ಕೆಲಸದಾಗಿದ್ರಿ.” ಅವನ ದನಿಯಲ್ಲಿ ಕಹಿ ಇರಲಿಲ್ಲ. “ನಮ್ಮ ಮೇಸ್ತ್ರಿ ಬಸಲಿಂಗಪ್ಪ ಕಲಿಸಿದ್ದರಿ ಅದು. ಗಾಲಿ ಬಾಯಿಲೆ ಸುಳ್ಳ ಹೇಳತೈತಿ, ಗೆರಿ ಹೇಳಂಗಿಲ್ಲ ಅಂತಿದ್ದ. ಆದೇಶ ಬಂದ ಮ್ಯಾಲ ನಾಲ್ಕು ವರ್ಷ ನಿದ್ದಿ ಹತ್ತಿಲ್ರಿ ನನಗ. ನಿನ್ನೆ ಆ ಬೋಗಿ ಗಾಲಿ ತಟ್ಟಿದೆ, ಸಪ್ಪಳದಾಗ ಯಾಕೋ ಸಮಾಧಾನ ಆಗಲಿಲ್ಲ. ಬರೇ ಸಪ್ಪಳಕ್ಕ ಗಾಡಿ ನಿಲ್ಲಸ್ರಿ ಅಂದ್ರ ಯಾರ್ ಕೇಳ್ತಾರ? ಖಂಡೆ ಪೂಜಿ ದಿನಾ ಕುಂಕುಮಾ ಹಚ್ಚಿದ್ರ ಯಾರೂ ಬ್ಯಾಡ ಅನ್ನಂಗಿಲ್ಲ ಅಂತ ಹಚ್ಚಿಬಿಟ್ಟೆ. ತಪ್ಪಾತ್ರಿ, ಮದಲ ನಿಮಗ ಹೇಳಬೇಕಿತ್ತು.”

“ಹೇಳಾಕ ಬಂದಿದ್ರಿ. ನಿನ್ನೆನೂ ಬಂದಿದ್ರಿ. ನಾ ಕಿವಿ ಕೊಡಲಿಲ್ಲ.” ಅವಳು ಹೋಳಿಗೆಯ ಡಬ್ಬಿಯನ್ನು ಅವನ ಮುಂದಿಟ್ಟಳು. “ನಿಮ್ಮ ಉಪಕಾರ ಈ ಜನ್ಮದಾಗ ತೀರಂಗಿಲ್ಲ ಚಾಚಾ. ಏಳುನೂರು ಮಂದಿಗೆ ಗೊತ್ತೂ ಇಲ್ಲ. ಅವರ ಪರವಾಗಿ ನಾ ಹೇಳತೀನಿ.”

ಅವಳು ಚೀಲದಿಂದ ಒಂದು ದೊಡ್ಡ ಫೋಟೋ ತೆಗೆದು ಅವನ ಕೈಗಿಟ್ಟಳು. ಎರಡನೇ ಕಣ್ಣು ಹಿಡಿದದ್ದು, ಮೊದಲ ಬೋಗಿಯ ಮೊದಲ ಗಾಲಿ. ಇಮಾಮಸಾಬ್ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಒಂದೊಂದು ಧೂಳಿನ ಕಣವೂ ಕಾಣುತ್ತಿತ್ತು. ನೆತ್ತಿಯ ಮೇಲೆ ಅವನಿಟ್ಟ ಬೊಟ್ಟು, ಅಂಚು ಕೂಡ ಕದಡಿರಲಿಲ್ಲ.

“ನಿಂತಾಗ ತಗದದ್ದೇನ್ರಿ ಇದು?”

“ಇಲ್ರಿ. ಇನ್ನೂರರಾಗ ಓಡತಿತ್ತು.”

ಅವನು ಫೋಟೋವನ್ನು ಕಣ್ಣಿನ ಹತ್ತಿರ ತಂದುಕೊಂಡ. ಫೋಟೋದ ಮೇಲೆ ಬೆರಳಾಡಿಸಿದ. “ನಲವತ್ತು ವರ್ಷ ಗಾಲಿ ತೊಳದೇನ್ರಿ ನಾ. ನಿಂತದ್ದು ನೋಡೀನಿ, ಹೋದ ಮ್ಯಾಲ ಧೂಳ ನೋಡೀನಿ. ಓಡೋವಾಗ ಹೆಂಗಿರತೈತಿ ಅಂತ ಒಮ್ಮೇನೂ ನೋಡಿದ್ದಿಲ್ಲ. ನೀವು ತೋರಿಸಿದ್ರಿ. ಉಪಕಾರ ನಾ ಹೇಳಬೇಕ್ರಿ ಮೇಡಮ್ಮಾರ, ನೀವಲ್ಲ.” ಕಣ್ಣೀರು ಗಡ್ಡಕ್ಕೆ ಇಳಿಯಿತು. ಒಳಗಿನಿಂದ ಹೆಂಡತಿ ಚಹಾ ತಂದವಳು, ಇದೇನು ಹಬ್ಬದ ದಿನ ಇಬ್ಬರೂ ಅಳುತ್ತ ಕೂತಿದ್ದಾರೆ ಎಂದು ಬೆರಗಾಗಿ ನಿಂತಳು.

ಚಹಾ ಕುಡಿದು ಇಬ್ಬರೂ ಒಟ್ಟಿಗೇ ಡಿಪೋಗೆ ನಡೆದರು. ಎಂಟರ ಗಾಡಿಗೆ ಇನ್ನೂ ಹೊತ್ತಿತ್ತು. ಇಮಾಮಸಾಬ್ ಬಿಳಿ ಬಣ್ಣದ ಡಬ್ಬಿ ತೆರೆದ, ದಾರಕ್ಕೆ ನಟ್ಟು ಕಟ್ಟಿದ. ಹೊಳೆದು ಕಣ್ಣು ಕುಕ್ಕದಿರಲೆಂದು ಇಂದುಮತಿಯೇ ಬಣ್ಣಕ್ಕೆ ಎರಡು ಹಿಡಿ ಬೂದಿ ಕಲಸಿದಳು. ನಾಲ್ಕು ವರ್ಷದ ಹಿಂದೆಯೂ ಬೇಕಾಗಿದ್ದದ್ದು ಅಷ್ಟೇ.

ಎಂಟೂ ಹತ್ತಕ್ಕೆ ಅವಳು ಕಂಟ್ರೋಲ್ ರೂಮಿನಲ್ಲಿದ್ದಳು. ರೈಲು ಮೊದಲ ಕಣ್ಣು ದಾಟಿತು. ಮೂವತ್ತೆರಡು ಜೋಡಿ, ಗೆರೆಗೆ ಗೆರೆ ಸರಿಸಮ. ಗೆರೆಯನ್ನು ಕೊಳೆಯೆನ್ನಬಾರದೆಂದು ಮಧ್ಯಾಹ್ನವೇ ಕಲಿಸಿಟ್ಟಿದ್ದ ಯಂತ್ರ ಒಂದೇ ಒಂದು ಸಲ ಕೂಗಿತು. ಮೊದಲ ಬೋಗಿ, ಮೊದಲ ಗಾಲಿ: ಕೊಳೆ.

ಇಂದುಮತಿ ಚಿತ್ರ ತೆರೆದಳು. ಹಸಿ ಬಣ್ಣದ ಗೆರೆಯ ಮೇಲೆ, ಇನ್ನೂರು ಕಿಲೋಮೀಟರ್ ವೇಗದಲ್ಲೂ ಅಲುಗದ ಹಾಗೆ, ಯಾರೋ ಒತ್ತಿ ಅಂಟಿಸಿದ ಒಂದು ಬನ್ನಿಯ ಎಲೆ.

ಅಳಿಸಬೇಕಾದರೆ ಕಾರಣ ಬರೆಯಬೇಕು. ಅವಳು ಕಣ್ಣೊರೆಸಿಕೊಂಡು ಬರೆದಳು: ‘ಕೊಳೆಯಲ್ಲ. ಬಂಗಾರ.’